ಸೋಂಕು ತಗಲುವ ಕೆಲಸ ಯಾವುದು?

ದುಡಿಯುವ ಜಾಗದಲ್ಲಿ ಸೋಂಕಿನ ಅಪಾಯ ಎಷ್ಟಿದೆ ಎಂದು ಅಂದಾಜು ಮಾಡುವಾಗ ಹೆಚ್ಚಿನವರು ಮೊದಲು ರೋಗಗಳ ಪಟ್ಟಿ ಬರೆಯುತ್ತಾರೆ. ಆಸ್ಪತ್ರೆಯಾದರೆ ಕ್ಷಯ, ಹೆಪಟೈಟಿಸ್, ಕೊಟ್ಟಿಗೆಯಾದರೆ ಕಂದುರೋಗ, ನೆರಡಿ, ಗದ್ದೆಯಾದರೆ ಇಲಿಜ್ವರ. ಪಟ್ಟಿ ಬೇಕೇ ಬೇಕು. ಆದರೆ ರೋಗಾಣು ಒಂದು ಜಾಗದಲ್ಲಿ ಇರುವುದಕ್ಕೂ ಅಲ್ಲಿ ದುಡಿಯುವವರ ಮೈ ಸೇರುವುದಕ್ಕೂ ನಡುವೆ ದೂರವಿದೆ. ಆ ದೂರವನ್ನು ದಾಟಿಸುವುದು ಕೆಲಸ. ಕೈ ಏನನ್ನು ಮುಟ್ಟುತ್ತದೆ, ಕಾಲು ಎಲ್ಲಿ ಊರುತ್ತದೆ, ಎಳೆದುಕೊಳ್ಳುವ ಉಸಿರು ಯಾವ ಕೋಣೆಯದು, ಎಷ್ಟು ಹೊತ್ತಿನದು, ಯಾವ ತಿಂಗಳಿನದು ಎಂಬುದರ ಮೇಲೆ ಅಪಾಯ ನಿಂತಿದೆ. ಹಾಗಾಗಿ ಅಳತೆ ಹುದ್ದೆಯ ಹೆಸರಿಗೆ ನಿಲ್ಲದೆ ಕೆಲಸದ ಮಟ್ಟಕ್ಕೆ ಇಳಿಯಬೇಕು. ‘ಸ್ಟಾಫ್ ನರ್ಸ್’ ಎಂದು ಬರೆದರೆ ಏನೂ ಗೊತ್ತಾಗುವುದಿಲ್ಲ. ರಾತ್ರಿ ಪಾಳಿಯಲ್ಲಿ ಮಂದ ಬೆಳಕಿನಲ್ಲಿ ಸೂಜಿ ತೆಗೆದು, ಅದನ್ನು ಹಾಕುವ ಡಬ್ಬಿ ವಾರ್ಡಿನ ಇನ್ನೊಂದು ತುದಿಯಲ್ಲಿರುವುದರಿಂದ ಕೈಯಲ್ಲೇ ಹಿಡಿದು ನಡೆಯುತ್ತಾರೆ ಎಂದು ಬರೆದರೆ ಅಪಾಯವೂ ಪರಿಹಾರವೂ ಒಟ್ಟಿಗೇ ಕಾಣುತ್ತವೆ.

ಪ್ರಯೋಗಾಲಯಗಳಲ್ಲೂ ಈ ತಿಳಿವಳಿಕೆ ನಿಧಾನವಾಗಿಯೇ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ ರೋಗಾಣುಗಳನ್ನು ಅವುಗಳ ತೀವ್ರತೆ, ಹರಡುವ ಗುಣ, ಚಿಕಿತ್ಸೆಯ ಲಭ್ಯತೆ ನೋಡಿ ನಾಲ್ಕು ಅಪಾಯ ಗುಂಪುಗಳಾಗಿ ವಿಂಗಡಿಸುತ್ತಿತ್ತು. ಲ್ಯಾಬಿನ ಸುರಕ್ಷತಾ ಮಟ್ಟ ಬಹುಪಾಲು ಆ ಗುಂಪಿನ ಸಂಖ್ಯೆಯಿಂದಲೇ ತೀರ್ಮಾನವಾಗುತ್ತಿತ್ತು. 2020ರಲ್ಲಿ ಬಂದ ಅದರ ಜೈವಿಕ ಸುರಕ್ಷತಾ ಕೈಪಿಡಿಯ ನಾಲ್ಕನೇ ಆವೃತ್ತಿ ಆ ಕ್ರಮವನ್ನು ಹಿಂದಕ್ಕೆ ಸರಿಸಿ, ಮಾಡುವ ಕೆಲಸ ಯಾವುದು, ಮಾಡುವವರಿಗೆ ತರಬೇತಿ ಎಷ್ಟಿದೆ, ಉಪಕರಣ ಹೇಗಿದೆ ಎಂಬ ಪ್ರಶ್ನೆಗಳನ್ನು ಮುಂದಕ್ಕೆ ತಂದಿತು. ಕ್ಷಯದ ಬ್ಯಾಕ್ಟೀರಿಯಾವನ್ನೇ ತೆಗೆದುಕೊಳ್ಳಬಹುದು. ರೋಗಿಯ ಕಫವನ್ನು ಗಾಜಿನ ಪಟ್ಟಿಗೆ ಬಳಿದು ಸೂಕ್ಷ್ಮದರ್ಶಕದಲ್ಲಿ ನೋಡುವಾಗಿನ ಅಪಾಯ ಒಂದು ಮಟ್ಟದ್ದು. ಅದನ್ನು ಬೆಳೆಸಿ, ದ್ರವದಲ್ಲಿ ಕಲಕಿ, ಯಂತ್ರದಲ್ಲಿ ವೇಗವಾಗಿ ತಿರುಗಿಸುವಾಗ ಗಾಳಿಗೆ ಏಳುವ ಸೂಕ್ಷ್ಮ ಹನಿಗಳ ಅಪಾಯ ಅದಕ್ಕಿಂತ ಎಷ್ಟೋ ದೊಡ್ಡದು. ರೋಗಾಣು ಅದೇ, ಕೋಣೆಯೂ ಅದೇ ಇರಬಹುದು, ಬದಲಾದದ್ದು ಕೆಲಸ.

ಇದನ್ನು ಲ್ಯಾಬಿಗಿಂತ ಸ್ಪಷ್ಟವಾಗಿ ತೋರಿಸುವ ಜಾಗ ಮಲೆನಾಡಿನ ಅಡಿಕೆ ತೋಟ. ಸಾಗರ, ಸೊರಬ, ಸಿದ್ದಾಪುರ, ತೀರ್ಥಹಳ್ಳಿಯ ಕಡೆ ತೋಟದ ಕೆಲಸ ತೋಟದೊಳಗೇ ಮುಗಿಯುವುದಿಲ್ಲ. ಗೊಬ್ಬರಕ್ಕೆ ಸೊಪ್ಪಿನ ಬೆಟ್ಟದಿಂದ ಹಸಿ ಸೊಪ್ಪು, ಒಣಗಿ ಉದುರಿದ ಎಲೆಯ ದರಗು ಬರಬೇಕು. ಅದು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹಾಸಾಗಿ, ಸಗಣಿಯೊಂದಿಗೆ ಬೆರೆತು ಗುಂಡಿ ಸೇರಬೇಕು. ಅಲ್ಲಿಂದ ಮರದ ಬುಡಕ್ಕೆ ಹೋಗಬೇಕು. ಇಷ್ಟನ್ನೂ ಒಬ್ಬರೇ ಆಳು, ಒಂದೇ ವರ್ಷದಲ್ಲಿ ಮಾಡುವುದುಂಟು. ಮಜೂರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಇರುವುದು ‘ತೋಟದ ಕೆಲಸ’ ಎಂಬ ಎರಡೇ ಪದ. ಆ ಎರಡು ಪದಗಳೊಳಗೆ ಕನಿಷ್ಠ ಮೂರು ಬೇರೆ ಬೇರೆ ಸೋಂಕುಗಳ ದಾರಿಗಳಿವೆ.

ಮೊದಲನೆಯದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಹಳ್ಳಿಗಳಲ್ಲಿ ತೀವ್ರ ಜ್ವರ ಕಾಣಿಸಿಕೊಂಡಿತು. ಭಾರತಕ್ಕೆ ಹಳದಿ ಜ್ವರ ಕಾಲಿಟ್ಟಿತೇ ಎಂದು ಆರಂಭದಲ್ಲಿ ಗಾಬರಿಯಾಗಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಅದು ಉಣುಗುಗಳಿಂದ ಹರಡುವ ಹೊಸ ವೈರಸ್ ಎಂದು ಕಂಡುಹಿಡಿಯಿತು. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಬಲಿಯದ ಉಣುಗು. ಎಳ್ಳಿನ ಕಾಳಿಗಿಂತ ಸಣ್ಣದಿರುವ ಅದು ಮೈಮೇಲೆ ಹತ್ತಿದ್ದು ಅನೇಕರಿಗೆ ತಿಳಿಯುವುದೇ ಇಲ್ಲ. ಅದರ ಓಡಾಟ ಮಳೆ ನಿಂತ ನವೆಂಬರಿನಿಂದ ಮೇವರೆಗೆ. ದರಗು ಗುಡಿಸುವ, ಕಟ್ಟಿಗೆ ತರುವ ಹಂಗಾಮು ಕೂಡ ಅದೇ. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಏರುತ್ತದೆ, ಸೋಂಕಿತರಲ್ಲಿ ಶೇ 3ರಿಂದ 5ರಷ್ಟು ಮಂದಿ ಸಾಯುತ್ತಾರೆ.

ಈ ರೋಗದ ಅಂದಾಜಿನಲ್ಲಿ ‘ಕಾಡಿಗೆ ಹೋಗುವವರು’ ಎಂದು ಬರೆದು ಮುಗಿಸಿದರೆ ಅರ್ಧ ಮಂದಿ ತಪ್ಪಿಹೋಗುತ್ತಾರೆ. ದರಗು ಗುಡಿಸುವವರು, ಹೊರೆಯನ್ನು ತಲೆಯ ಮೇಲೆ ಹೊತ್ತು ತರುವವರು, ನಡುವೆ ದಣಿವಾರಿಸಿಕೊಳ್ಳಲು ಅದೇ ಎಲೆಯ ಮೇಲೆ ಕೂರುವವರು ಒಂದು ಗುಂಪು. ಕಾಡಿನ ಮುಖವನ್ನೇ ನೋಡದೆ, ಮನೆಯಂಗಳಕ್ಕೆ ಬಂದ ದರಗನ್ನು ಕೈಯಲ್ಲಿ ಬಾಚಿ ಕೊಟ್ಟಿಗೆಗೆ ಹರಡುವ ಹೆಂಗಸರದು ಇನ್ನೊಂದು ಗುಂಪು. ಉಣುಗು ಹೊರೆಯ ಜೊತೆಗೇ ಮನೆಗೆ ಬಂದಿರುತ್ತದೆ. ದನಗಳ ಪಾತ್ರವೂ ಹೀಗೇ ಸುತ್ತುಬಳಸಿನದು: ಅವುಗಳಿಂದ ಮನುಷ್ಯರಿಗೆ ವೈರಸ್ ನೇರವಾಗಿ ಬರುವುದಿಲ್ಲ, ಆದರೆ ಬೆಳೆದ ಉಣುಗುಗಳು ಅವುಗಳ ರಕ್ತ ಹೀರಿ ಸಂತತಿ ಹೆಚ್ಚಿಸಿಕೊಳ್ಳುತ್ತವೆ. ಸತ್ತ ಮಂಗ ಎಲ್ಲಕ್ಕಿಂತ ಗಂಭೀರ ಸೂಚನೆ. ದೇಹ ತಣ್ಣಗಾದಂತೆ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲಿನ ಎಲೆಗಳಿಗೆ ಸೇರುತ್ತವೆ, ಆ ತುಂಡು ನೆಲ ಸೋಂಕಿತ ಉಣುಗುಗಳ ಗೂಡಾಗುತ್ತದೆ. 2012ರಲ್ಲಿ ಬಂಡೀಪುರದಲ್ಲಿ ರೋಗ ತಗಲಿದವರು ಸತ್ತ ಮಂಗಗಳ ದೇಹವನ್ನು ಮುಟ್ಟಿ, ಸುಡುವ ಕೆಲಸ ಮಾಡಿದವರು. ರೋಗವನ್ನು ತಡೆಯಲೆಂದೇ ಮಾಡಿದ ಕೆಲಸ ಅದನ್ನು ಮಾಡಿದವರಿಗೇ ರೋಗ ತಂದಿತು. ಅಂದಾಜಿನ ಪಟ್ಟಿಯಲ್ಲಿ ವಿಲೇವಾರಿ, ಶುಚಿ, ಸಿಂಪಡಣೆಯಂಥ ‘ಪರಿಹಾರದ’ ಕೆಲಸಗಳಿಗೂ ಪ್ರತ್ಯೇಕ ಸಾಲು ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮಳೆಗಾಲ ಹಿಡಿದರೆ ಅದೇ ತೋಟದಲ್ಲಿ ಉಣುಗಿನ ಕಾಟ ಇಳಿದು ನೀರಿನದು ಶುರುವಾಗುತ್ತದೆ. ಬಸಿಗಾಲುವೆಯ ಹೂಳೆತ್ತುವಾಗ, ಗದ್ದೆಯಲ್ಲಿ ನಾಟಿ ಮಾಡುವಾಗ ಗಂಟೆಗಟ್ಟಲೆ ಬರಿಗಾಲು ಕೆಸರಿನಲ್ಲಿರುತ್ತದೆ. ಇಲಿ, ಹೆಗ್ಗಣ, ದನ, ನಾಯಿಗಳ ಮೂತ್ರದಲ್ಲಿ ಹೊರಬಿದ್ದ, ಇಲಿಜ್ವರ ತರುವ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ತೇವದ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕಬಲ್ಲದು. ನೆನೆದು ಮೆತ್ತಗಾದ ಚರ್ಮದ ಬಿರುಕು, ಹಿಮ್ಮಡಿಯ ಒಡಕು, ಮುಳ್ಳು ಗೀರಿದ ಗಾಯ ಅದಕ್ಕೆ ಬಾಗಿಲು. ಇಲ್ಲಿ ಕೇಳಬೇಕಾದ ಪ್ರಶ್ನೆ ನೀರಿಗೆ ಇಳಿಯುತ್ತಾರೆಯೇ ಎಂಬುದಷ್ಟೇ ಆಗಬಾರದು. ಕಾಲಿನ ಚರ್ಮ ಹೇಗಿದೆ, ದಿನಕ್ಕೆ ಎಷ್ಟು ಗಂಟೆ, ಇಳಿದ ಮೇಲೆ ತೊಳೆಯಲು ಶುದ್ಧ ನೀರು ಸಿಗುತ್ತದೆಯೇ ಎಂದೂ ಕೇಳಬೇಕು.

ಮೂರನೆಯದು ಕೊಟ್ಟಿಗೆಯದು. ದಿನ ತುಂಬುವ ಮೊದಲೇ ಹಸು ಕಂದು ಹಾಕಿದರೆ, ಮಾಸು ಬೀಳದೆ ಉಳಿದರೆ ಮನೆಯವರೋ ಪಶುವೈದ್ಯಕೀಯ ಸಿಬ್ಬಂದಿಯೋ ಕೈ ಹಾಕಿ ತೆಗೆಯುತ್ತಾರೆ. ಕಂದುರೋಗದ ಬ್ರೂಸೆಲ್ಲಾ ಬ್ಯಾಕ್ಟೀರಿಯಾ ಅತ್ಯಂತ ದಟ್ಟವಾಗಿ ಇರುವುದು ಈ ಮಾಸಿನಲ್ಲಿ ಮತ್ತು ಅದರ ದ್ರವದಲ್ಲಿ. ವರ್ಷಕ್ಕೆ ಒಮ್ಮೆಯೋ ಎರಡು ಬಾರಿಯೋ ಬರುವ ಅರ್ಧ ಗಂಟೆಯ ಕೆಲಸ. ದಿನವೂ ಹಾಲು ಕರೆಯುವುದಕ್ಕಿಂತ ಅದರ ಅಪಾಯ ಹೆಚ್ಚು. ಅಪರೂಪದ ಕೆಲಸವನ್ನು ‘ಅಪರೂಪ’ ಎಂಬ ಕಾರಣಕ್ಕೇ ಕೈಬಿಡುವುದು ಅಂದಾಜಿನಲ್ಲಿ ಪದೇ ಪದೇ ಆಗುವ ತಪ್ಪು. ಪಶುವೈದ್ಯರಿಗೆ ಇನ್ನೊಂದು ದಾರಿಯೂ ಇದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಕಂದುರೋಗದ ಲಸಿಕೆ ಹಾಕುತ್ತಾರೆ. ಅದರಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ. ಕರು ಕೊಸರಿಕೊಂಡು ಸೂಜಿ ಹಾಕುವವರ ಕೈಗೇ ಚುಚ್ಚಿದರೆ ಅದೂ ಸೋಂಕಿನ ಘಟನೆಯೇ.

ಹೀಗೆ ಒಂದೊಂದು ಕೆಲಸಕ್ಕೂ ರೋಗಾಣು ಎಲ್ಲಿಂದ ಬರುತ್ತದೆ, ಯಾವ ದಾರಿಯಲ್ಲಿ, ಯಾವ ಬಾಗಿಲಿನಿಂದ ಒಳಹೋಗುತ್ತದೆ ಎಂದು ಗುರುತಿಸಿದ ಮೇಲೆ ಎಷ್ಟು ಎಂಬ ಪ್ರಶ್ನೆ ಬರುತ್ತದೆ. ಕೆಲವು ಕಡೆ ಇದಕ್ಕೆ ಒಳ್ಳೆಯ ಅಂಕಿಗಳಿವೆ. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ಇರುವವರ ರಕ್ತ ಮೆತ್ತಿದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಶೇ 6ರಿಂದ 30. ಹೆಪಟೈಟಿಸ್ ಸಿ ಆದರೆ ಶೇ 2ಕ್ಕಿಂತ ಕಡಿಮೆ. ಎಚ್‌ಐವಿ ಆದರೆ ಸುಮಾರು ಶೇ 0.3, ಅಂದರೆ ಸಾವಿರ ಚುಚ್ಚುಗಳಿಗೆ ಮೂರು. ಜನ ಹೆದರುವುದು ಈ ಕ್ರಮಕ್ಕೆ ತದ್ವಿರುದ್ಧವಾಗಿ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ ಏಳು ದಿನ ಸೋಂಕು ತಗಲಿಸುವ ಶಕ್ತಿ ಉಳಿಸಿಕೊಳ್ಳುತ್ತದೆ. ಆದ್ದರಿಂದ ವಾರ್ಡಿನಲ್ಲಿ ಸೂಜಿ ಹಿಡಿದವರಷ್ಟೇ ಅಲ್ಲದೆ, ಮೂರು ದಿನ ಕಳೆದು ಕಸದ ಚೀಲವನ್ನು ಎತ್ತುವಾಗ ತೊಡೆಗೆ ಸೂಜಿ ಚುಚ್ಚಿಸಿಕೊಂಡ ಪೌರಕಾರ್ಮಿಕರೂ ಈ ಲೆಕ್ಕದೊಳಗೆ ಬರುತ್ತಾರೆ. ಒಳಗೆ ಟೊಳ್ಳಿರುವ ಸೂಜಿ, ಆಳದ ಗಾಯ, ಕಣ್ಣಿಗೆ ಕಾಣುವ ರಕ್ತ ಇವು ಅಪಾಯವನ್ನು ಏರಿಸುತ್ತವೆ.

ಗಾಳಿಯ ಲೆಕ್ಕ ಬೇರೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ರಿಚರ್ಡ್ ರೈಲಿ ಮತ್ತು ಸಂಗಡಿಗರು ಕ್ಷಯದ ವಾರ್ಡಿನ ಗಾಳಿಯನ್ನು ಕೊಳವೆಗಳ ಮೂಲಕ ಗಿನಿಪಿಗ್‌ಗಳ ಕೋಣೆಗೆ ಹಾಯಿಸಿದರು. ರೋಗಿಯ ಹತ್ತಿರಕ್ಕೇ ಹೋಗದ ಆ ಪ್ರಾಣಿಗಳಿಗೆ ಕ್ಷಯ ಬಂತು. ಅತಿನೇರಳೆ ಕಿರಣ ಹಾಯಿಸಿದ ಗಾಳಿ ಪಡೆದ ಗುಂಪು ಉಳಿಯಿತು. ಹತ್ತಿರ ನಿಂತಿದ್ದರೆ ಅಪಾಯ, ದೂರ ನಿಂತಿದ್ದರೆ ಕ್ಷೇಮ ಎಂಬ ಸರಳ ನಿಯಮ ಕ್ಷಯಕ್ಕೆ ಸಾಲದು; ಕೋಣೆಯಲ್ಲಿ ಗಾಳಿ ಎಷ್ಟು ಸಲ ಬದಲಾಗುತ್ತದೆ ಎಂಬುದೇ ಮುಖ್ಯ. ಗಂಟೆಗೆ ಆರು ಬಾರಿ ಗಾಳಿ ಬದಲಾಗುವ ಕೋಣೆಯಲ್ಲಿ ತೇಲುವ ಕಣಗಳಲ್ಲಿ ನೂರಕ್ಕೆ 99 ಪಾಲು ಹೊರಹೋಗಲು 46 ನಿಮಿಷ ಬೇಕು. ಹನ್ನೆರಡು ಬಾರಿಯಾದರೆ 23 ನಿಮಿಷ. ರೋಗಿ ಎದ್ದುಹೋದ ಮರುಕ್ಷಣ ಅದೇ ಕೋಣೆ ಗುಡಿಸಲು ಬರುವವರಿಗೆ ಈ ನಿಮಿಷಗಳು ನೇರವಾಗಿ ಸಂಬಂಧಿಸಿವೆ. ಕಿಟಕಿ ಮುಚ್ಚಿ ಏಸಿ ಹಾಕಿದ ಕೊಠಡಿ ತಂಪಾಗಿರುತ್ತದೆ, ಅಲ್ಲಿನ ಗಾಳಿ ಮಾತ್ರ ಅಲ್ಲೇ ಸುತ್ತುತ್ತಿರುತ್ತದೆ.

ಒಂದೇ ಕೆಲಸ ಎಲ್ಲರಿಗೂ ಒಂದೇ ಅಪಾಯ ತರುವುದಿಲ್ಲ. ಕಲ್ಲಿನ ಕ್ವಾರಿಯಲ್ಲಿ ದುಡಿದು ಶ್ವಾಸಕೋಶದಲ್ಲಿ ಸಿಲಿಕಾ ದೂಳು ತುಂಬಿಕೊಂಡವರಿಗೆ ಕ್ಷಯ ಬರುವ ಸಾಧ್ಯತೆ ಇತರರಿಗಿಂತ ಹಲವು ಪಟ್ಟು. ಸಕ್ಕರೆ ಕಾಯಿಲೆಯೂ ಅದನ್ನು ಹೆಚ್ಚಿಸುತ್ತದೆ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಸಿ, ರಕ್ತದಲ್ಲಿ ಪ್ರತಿಕಾಯದ ಮಟ್ಟ 10 ಯೂನಿಟ್ ದಾಟಿದವರಿಗೆ ಮೇಲೆ ಹೇಳಿದ ಶೇ 30ರ ಅಂಕಿ ಅನ್ವಯಿಸುವುದೇ ಇಲ್ಲ. ಆದರೆ ವೈಯಕ್ತಿಕ ಆರೋಗ್ಯದ ವಿವರ ಕೇಳುವಾಗ ಎಚ್ಚರ ಬೇಕು. ಅದು ವೈದ್ಯರ ಬಳಿ ಇರಬೇಕಾದ ಮಾಹಿತಿ. ಮೇಲ್ವಿಚಾರಕರ ಕೈಗೆ ಹೋದರೆ ರಕ್ಷಣೆಯ ಹೆಸರಿನಲ್ಲಿ ಕೆಲಸ ಕಳೆದುಕೊಳ್ಳುವವರು ಬಡವರೇ.

ಇಷ್ಟೆಲ್ಲ ಸೇರಿಸಿದ ಮೇಲೆ ಕಚೇರಿಗಳಲ್ಲಿ ಒಂದು ಚೌಕಳಿ ತುಂಬುತ್ತಾರೆ: ಒಂದು ಬದಿಗೆ ಸೋಂಕು ತಗಲುವ ಸಾಧ್ಯತೆ ಒಂದರಿಂದ ಐದು, ಇನ್ನೊಂದು ಬದಿಗೆ ಪರಿಣಾಮದ ತೀವ್ರತೆ ಒಂದರಿಂದ ಐದು, ಎರಡರ ಗುಣಲಬ್ಧ ಅಪಾಯದ ಅಂಕ. ಮೊದಲು ಯಾವುದಕ್ಕೆ ಕೈ ಹಾಕಬೇಕೆಂದು ತೀರ್ಮಾನಿಸಲು ಇದು ಉಪಯುಕ್ತ. ಅದಕ್ಕಿಂತ ಹೆಚ್ಚಿನದನ್ನು ಇದರಿಂದ ನಿರೀಕ್ಷಿಸಬಾರದು. ಇಪ್ಪತ್ತು ಅಂಕದ ಕೆಲಸ ಹತ್ತು ಅಂಕದ್ದಕ್ಕಿಂತ ಎರಡು ಪಟ್ಟು ಅಪಾಯಕಾರಿ ಎಂದೇನೂ ಅಲ್ಲ, ಏಕೆಂದರೆ ಆ ಒಂದು, ಎರಡು, ಮೂರು ಬರಿಯ ಮೆಟ್ಟಿಲುಗಳು. ಸಾಧ್ಯತೆ ಒಂದು, ತೀವ್ರತೆ ಐದು ಎಂದು ಬರೆದ ರೇಬಿಸ್ ಕೂಡ, ಸಾಧ್ಯತೆ ಐದು, ತೀವ್ರತೆ ಒಂದು ಎಂದು ಬರೆದ ನೆಗಡಿ ಕೂಡ ಅದೇ ಐದು ಅಂಕ ಪಡೆಯುತ್ತವೆ. ಬೀದಿನಾಯಿ ಹಿಡಿಯುವವರಿಗೆ ಮುಂಜಾಗ್ರತೆಯ ರೇಬಿಸ್ ಲಸಿಕೆ ಹಾಕಿಸಬೇಕೆಂದು ಹೇಳಲು ಚೌಕಳಿ ಬೇಕಿಲ್ಲ. ಲಕ್ಷಣ ಕಾಣಿಸಿದ ಮೇಲೆ ಹೆಚ್ಚುಕಡಿಮೆ ಯಾರೂ ಉಳಿಯದ ರೋಗ ಅದು. ಗ್ಲೌಸ್, ಮಾಸ್ಕ್ ಕೊಟ್ಟಿದ್ದೇವೆ ಎಂದು ಸಾಧ್ಯತೆಯ ಅಂಕವನ್ನು ಐದರಿಂದ ಎರಡಕ್ಕೆ ಇಳಿಸಿಬಿಡುವುದು ಇನ್ನೂ ದೊಡ್ಡ ತಪ್ಪು. ಏಪ್ರಿಲ್ ಬಿಸಿಲಿನಲ್ಲಿ ಯಾರು, ಎಷ್ಟು ಹೊತ್ತು ಅವನ್ನು ಹಾಕಿಕೊಂಡು ದುಡಿಯುತ್ತಾರೆ ಎಂದು ಹೋಗಿ ನೋಡಿದ ಮೇಲೆ ಮಾತ್ರ ಆ ಅಂಕ ಬದಲಾಯಿಸಲು ಅಧಿಕಾರ ಬರುತ್ತದೆ.

ಅಂದಾಜು ಹೆಚ್ಚಾಗಿ ಸೋಲುವುದು ಅಂಕಗಳಲ್ಲಲ್ಲ, ಪಟ್ಟಿಯಲ್ಲಿ ಹೆಸರೇ ಇಲ್ಲದವರಲ್ಲಿ. ಸಿಡುಬಿನ ಕೊನೆಯ ಎರಡು ಅಧ್ಯಾಯಗಳು ಇದನ್ನೇ ಹೇಳುತ್ತವೆ. ಸಹಜವಾಗಿ ಸಿಡುಬು ತಗಲಿದ ಜಗತ್ತಿನ ಕೊನೆಯ ವ್ಯಕ್ತಿ, ಸೋಮಾಲಿಯಾದ ಮೆರ್ಕಾ ಪಟ್ಟಣದ ಅಲಿ ಮಾವ್ ಮಾಲಿನ್, ಆಸ್ಪತ್ರೆಯ ಅಡುಗೆಯವರು. 1977ರ ಅಕ್ಟೋಬರಿನಲ್ಲಿ ಸಿಡುಬಿನ ರೋಗಿಗಳನ್ನು ಕರೆದೊಯ್ಯುತ್ತಿದ್ದ ವಾಹನಕ್ಕೆ ದಾರಿ ತೋರಿಸಲು ಹತ್ತಿ ಸ್ವಲ್ಪ ದೂರ ಹೋದದ್ದೇ ಅವರಿಗೆ ಸೋಂಕು ತಗಲಲು ಸಾಕಾಯಿತು, ಅವರು ಬದುಕಿಕೊಂಡರು. ಮರುವರ್ಷ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಿಡುಬಿನಿಂದ ಸತ್ತ ಜಾನೆಟ್ ಪಾರ್ಕರ್ ವೈದ್ಯಕೀಯ ಛಾಯಾಗ್ರಾಹಕಿ. ಸಿಡುಬಿನ ಲ್ಯಾಬು ಇದ್ದ ಕಟ್ಟಡದಲ್ಲಿ, ಅದರ ಮೇಲಂತಸ್ತಿನಲ್ಲಿ ಅವರ ಕೆಲಸ. ವೈರಸ್ ಅವರನ್ನು ಯಾವ ದಾರಿಯಲ್ಲಿ ಮುಟ್ಟಿತು ಎಂಬುದು ವಿಚಾರಣೆಗಳ ನಂತರವೂ ನಿರ್ವಿವಾದವಾಗಿ ತೀರ್ಮಾನವಾಗಲಿಲ್ಲ. ಅಡುಗೆಯವರನ್ನೂ ಛಾಯಾಗ್ರಾಹಕಿಯನ್ನೂ ‘ಅಪಾಯದಲ್ಲಿರುವ ಸಿಬ್ಬಂದಿ’ ಎಂದು ಯಾರೂ ಎಣಿಸುವುದಿಲ್ಲ. ಇಂದಿನ ಆಸ್ಪತ್ರೆಯಲ್ಲಿ ಆ ಸ್ಥಾನದಲ್ಲಿರುವವರು ಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿ, ಬಟ್ಟೆ ಒಗೆಯುವವರು, ಶವಾಗಾರದ ಸಹಾಯಕರು, ಏಸಿ ರಿಪೇರಿಗೆ ಬರುವ ಹುಡುಗರು. ಗುತ್ತಿಗೆದಾರರ ಹಾಜರಿ ಪುಸ್ತಕದಲ್ಲಿ ಇರುವವರು ಆಸ್ಪತ್ರೆಯ ಲಸಿಕೆ ಪುಸ್ತಕದಲ್ಲಿ ಇರುವುದಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಈ ತ್ಯಾಜ್ಯವನ್ನು ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿನ ರಕ್ಷಣೆ ಕೊಡಿಸಬೇಕೆಂದು ಹೇಳುತ್ತವೆ. ‘ಎಲ್ಲರಿಗೂ’ ಎಂದಾಗ ಗುತ್ತಿಗೆಯವರೂ ಸೇರುತ್ತಾರೆ.

ಅಂದಾಜಿನಿಂದ ಹುಟ್ಟಬೇಕಾದ ಕ್ರಮಗಳಿಗೂ ಒಂದು ಅನುಕ್ರಮವಿದೆ: ಸಾಧ್ಯವಾದರೆ ಅಪಾಯದ ಕೆಲಸವನ್ನೇ ತಪ್ಪಿಸುವುದು, ಆಗದಿದ್ದರೆ ಜಾಗವನ್ನೂ ಉಪಕರಣವನ್ನೂ ಬದಲಿಸುವುದು, ಬಳಿಕ ಕೆಲಸದ ವೇಳೆ ಮತ್ತು ರೀತಿ, ಎಲ್ಲಕ್ಕೂ ಕೊನೆಗೆ ಮೈಮೇಲೆ ತೊಡುವ ರಕ್ಷಣೆ. ಮಂಗ ಸತ್ತ ಜಾಗಕ್ಕೆ ಕೆಲಕಾಲ ದರಗಿಗೆ ಹೋಗದಿರುವುದು ಮೊದಲನೆಯದು. ಹೋಗಲೇಬೇಕಾದ ಕಡೆ ಉಣುಗನ್ನು ದೂರವಿಡುವ ಡೆಪಾ ತೈಲ ಹಚ್ಚಿಕೊಳ್ಳುವುದು, ಮೈ ಮುಚ್ಚುವ ಬಟ್ಟೆ ತೊಡುವುದು, ಬಂದ ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆಯನ್ನೂ ಬಿಸಿನೀರಿಗೆ ಹಾಕುವುದು ಕೊನೆಯದು. ಮಂಗನ ಕಾಯಿಲೆಗೆ ದಶಕಗಳ ಕಾಲ ಹಾಕುತ್ತಿದ್ದ ಹಳೆಯ ಲಸಿಕೆಯ ಪರಿಣಾಮ ಕುಗ್ಗಿದ್ದರಿಂದ ಅದರ ಬಳಕೆ ನಿಂತಿತು. ಹಾಗಾಗಿ ಈ ಕೊನೆಯ ಮೆಟ್ಟಿಲಿನ ಮೇಲೆ ಭಾರ ಹೆಚ್ಚಿದೆ. ಆದರೆ ಗೊಬ್ಬರಕ್ಕೆ ದರಗು ಬಿಟ್ಟರೆ ಬೇರೆ ದಾರಿಯಿಲ್ಲದ ಮನೆಗೆ ‘ಕಾಡಿಗೆ ಹೋಗಬೇಡಿ’ ಎಂಬ ಸೂಚನೆ ಅರ್ಧ ಸೂಚನೆ ಮಾತ್ರ. ಅಪಾಯದ ತಿಂಗಳುಗಳಿಗೆ ಮೊದಲೇ ದರಗು ತರುವುದೋ, ಬದಲಿ ಹಾಸು ಒದಗಿಸುವುದೋ ಯೋಜನೆಯಲ್ಲಿ ಇರಬೇಕು. ಇಲಿಜ್ವರಕ್ಕೆ ಗಮ್‌ಬೂಟು ಇದೆ, ಹೆಚ್ಚು ಅಪಾಯದ ದಿನಗಳಲ್ಲಿ ವೈದ್ಯರ ಸಲಹೆಯಂತೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಇದೆ. ಸೂಜಿಯ ವಿಷಯದಲ್ಲಿ ಸುಲಭದ, ಅಗ್ಗದ ಕ್ರಮವೇ ಹೆಚ್ಚು ಫಲಕಾರಿ: ಬಳಸಿದ ಸೂಜಿಗೆ ಮರಳಿ ಮುಚ್ಚಳ ಹಾಕದಿರುವುದು, ಚುಚ್ಚಿ ಹೊರಬರದ ಬಿಳಿ ಡಬ್ಬಿಯನ್ನು ಮಂಚದ ಪಕ್ಕಕ್ಕೇ ತರುವುದು.

ಚುಚ್ಚಿದ ಮೇಲಿನ ವೇಳೆಯೂ ಅಂದಾಜಿನ ಭಾಗ. ಎಚ್‌ಐವಿ ತಡೆಯುವ ಔಷಧಿಯನ್ನು ಆದಷ್ಟು ಬೇಗ, ಸಾಧ್ಯವಾದರೆ ಎರಡು ಗಂಟೆಯೊಳಗೆ, ತಡವಾದರೂ 72 ಗಂಟೆ ಮೀರದಂತೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು. ರಾತ್ರಿ ಎರಡಕ್ಕೆ ಸೂಜಿ ಚುಚ್ಚಿಸಿಕೊಂಡವರು ಯಾರಿಗೆ ಹೇಳಬೇಕು, ಔಷಧಿಯ ಕಪಾಟಿನ ಬೀಗದ ಕೈ ಯಾರ ಬಳಿ ಇದೆ ಎಂಬುದು ಗೊತ್ತಿಲ್ಲದಿದ್ದರೆ ಕಾಗದದ ಮೇಲಿನ ಯೋಜನೆ ಕೆಲಸಕ್ಕೆ ಬರುವುದಿಲ್ಲ. ಹೇಳಿದರೆ ಬೈಗುಳ ಬೀಳುತ್ತದೆ ಎಂಬ ಭಯವಿರುವ ಕಡೆ ದಾಖಲಾದ ಚುಚ್ಚುಗಳ ಸಂಖ್ಯೆ ಕಡಿಮೆ ಇರುತ್ತದೆ. ಅದನ್ನು ನೋಡಿ ಅಪಾಯವೂ ಕಡಿಮೆ ಎಂದು ತಿಳಿಯಬಾರದು.

ಅಂದಾಜನ್ನು ಒಮ್ಮೆ ಮಾಡಿ ಫೈಲಿಗೆ ಹಾಕುವಂತಿಲ್ಲ. ಹಂಗಾಮು ಬದಲಾದಾಗ, ಹೊಸ ಯಂತ್ರ ಬಂದಾಗ, ಕೆಲಸ ಗುತ್ತಿಗೆಗೆ ಹೋದಾಗ, ಮಂಗ ಸತ್ತಾಗ, ಹಸು ಕಂದು ಹಾಕಿದಾಗ, ಒಬ್ಬರಿಗೆ ಜ್ವರ ಬಂದಾಗ ಮತ್ತೆ ನೋಡಬೇಕು. ಜ್ವರ ಬಂದವರನ್ನು ವೈದ್ಯರು ಹಿಂದಿನ ದಿನಗಳಲ್ಲಿ ಯಾವ ಕೆಲಸ ಮಾಡಿದಿರಿ ಎಂದು ಕೇಳುವುದೇ ಈ ಮರುನೋಟದ ಆರಂಭ. ಎಷ್ಟು ಹಿಂದಕ್ಕೆ ಹೋಗಬೇಕೆಂಬುದು ರೋಗದ ಮೇಲೆ ನಿಂತಿದೆ: ಮಂಗನ ಕಾಯಿಲೆಗೆ ಎಂಟು ದಿನವಾದರೂ ಬೇಕು, ಇಲಿಜ್ವರಕ್ಕೆ ಎರಡು ವಾರವಾದರೂ ಬೇಕು, ಕಂದುರೋಗಕ್ಕೆ ತಿಂಗಳುಗಳ ಹಿಂದೆ ಆದ ಹಸುವಿನ ಒಂದು ಹೆರಿಗೆಯನ್ನೂ ನೆನಪಿಸಬೇಕಾಗುತ್ತದೆ.

ಈ ದಾಖಲೆಗೆ ಕಾನೂನಿನಲ್ಲೂ ಬೆಲೆಯಿದೆ. 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಬಂಧದ ‘ಎ’ ಭಾಗ, ಸೋಂಕಿನ ವಿಶೇಷ ಅಪಾಯವಿರುವ ಉದ್ಯೋಗದಲ್ಲಿ ತಗಲಿದ ಸಾಂಕ್ರಾಮಿಕ ರೋಗವನ್ನು ವೃತ್ತಿರೋಗಗಳ ಪಟ್ಟಿಯ ಮೊದಲಿಗೇ ಇಟ್ಟಿತ್ತು. ಆರೋಗ್ಯ ಮತ್ತು ಪ್ರಯೋಗಾಲಯದ ಕೆಲಸ, ಪಶುವೈದ್ಯಕೀಯ ಕೆಲಸ, ಪ್ರಾಣಿಗಳನ್ನೂ ಸತ್ತ ಪ್ರಾಣಿಗಳನ್ನೂ ಮುಟ್ಟುವ ಕೆಲಸ ಅದರಲ್ಲಿ ಹೆಸರಿಸಲ್ಪಟ್ಟಿದ್ದವು. ಅಂಥದೇ ಅಪಾಯವಿರುವ ಬೇರೆ ಕೆಲಸಗಳಿಗೂ ಜಾಗವಿತ್ತು. ‘ಬಿ’ ಭಾಗದ ರೋಗಗಳಿಗೆ ಬೇಕಾದ ಆರು ತಿಂಗಳ ನಿರಂತರ ಸೇವೆಯ ಷರತ್ತು ಇದಕ್ಕಿರಲಿಲ್ಲ. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಪಟ್ಟಿ ಮುಂದುವರಿದಿದೆ. ರೋಗ ತಗಲಿದ್ದು ಕೆಲಸದಿಂದಲೇ ಎಂದು ತೋರಿಸಲು ಯಾವ ದಿನ ಯಾವ ಕೆಲಸ ಮಾಡಿದರು ಎಂಬ ಬರಹ ಬೇಕು: ಸತ್ತ ಮಂಗವನ್ನು ಎತ್ತಿದ ದಿನಾಂಕ, ಸೂಜಿ ಚುಚ್ಚಿದ ಗಂಟೆ, ಆ ದಿನ ತೆಗೆದ ರಕ್ತದ ವರದಿ. ತನ್ನದೇ ಬೆಟ್ಟದಿಂದ ದರಗು ತರುವ ಸಣ್ಣ ರೈತ ಯಾರ ನೌಕರನೂ ಅಲ್ಲದ್ದರಿಂದ ಈ ಪರಿಹಾರದ ಹೊರಗೇ ಉಳಿಯುತ್ತಾನೆ. ಅವನ ಮಟ್ಟಿಗೆ ಅಪಾಯದ ಅಂದಾಜು ಮಾಡುವ ಹೊಣೆ ಹಳ್ಳಿಯ ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಗ್ರಾಮ ಪಂಚಾಯಿತಿಯ ಮೇಲೆ ಬೀಳುತ್ತದೆ. ಆ ಕೆಲಸ ಮುಗಿಯಬೇಕಾದದ್ದು ನವೆಂಬರಿಗೆ ಮೊದಲು, ದರಗಿನ ಹೊರೆಗಳು ಬೆಟ್ಟದಿಂದ ಇಳಿಯುವ ಮುನ್ನ.